ನಮ್ಮ ಜಿಲ್ಲೆಯ ಕೆಮ್ಮು

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ಅಂದ ಕೂಡಲೇ ನಿಮಗೆ ಏನು ನೆನಪಾಗುತ್ತೆ? ಏಕಶಿಲಾ ಬೆಟ್ಟ, ಕಡಲೆಕಾಯಿ, ಬರಗಾಲ, ಈಚೆಗೆ ಪಾವಗಡದ ಸೋಲಾರ್ ಪಾರ್ಕ್... ಅಲ್ವಾ? ಆದರೆ ನಮ್ಮ ತುಮಕೂರು ಜಿಲ್ಲೆಯವರ ಕೆಮ್ಮು ಇಡೀ ದೇಶಕ್ಕೆ ಒಂದು ಪಾಠ ಕಲಿಸಿತು ಅನ್ನೋದು ನಮ್ಮ ಕಡೆಯವರಿಗೇ ಗೊತ್ತಿಲ್ಲ.

1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಭಾರತ ಸರ್ಕಾರದ ಜೊತೆ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಕೈಜೋಡಿಸಿದ್ದವು. ಅದೇ ವರ್ಷ ಮದರಾಸಿನಿಂದ ಇನ್ನೊಂದು ಸುದ್ದಿ ಬಂತು. ಐಸಿಎಂಆರ್, ವಿಶ್ವ ಆರೋಗ್ಯ ಸಂಸ್ಥೆ, ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಎಲ್ಲ ಸೇರಿ ನಡೆಸಿದ ಪ್ರಯೋಗ ಅದು. ಸ್ಯಾನಟೋರಿಯಂನಲ್ಲಿ ಮಲಗಿಸದೆ ಮನೆಯಲ್ಲೇ ಔಷಧ ಕೊಟ್ಟರೂ ಕ್ಷಯ ವಾಸಿಯಾಗುತ್ತದೆ ಅಂತ ಅವರು ತೋರಿಸಿದರು.

ಸರಿ, ಔಷಧ ಸಿಕ್ಕಿತು. ರೋಗಿಗಳು ಎಲ್ಲಿದ್ದಾರೆ? ಇದನ್ನು ತಿಳಿಯಲು ಬೆಂಗಳೂರಿನ ಸಂಸ್ಥೆಯವರು 1960-61ರಲ್ಲಿ ತುಮಕೂರು ಜಿಲ್ಲೆಯ ಆಯ್ದ ಹಳ್ಳಿಗಳಿಗೆ ಬಂದರು. ಎಕ್ಸ್-ರೇ ತೆಗೆದರು, ಕಫ ಪರೀಕ್ಷೆ ಮಾಡಿದರು. ಸಾವಿರಕ್ಕೆ ಸುಮಾರು 4 ಜನರ ಕಫದಲ್ಲಿ ಕ್ಷಯದ ಬ್ಯಾಕ್ಟೀರಿಯಾ ಸಿಕ್ಕಿತು.

ನನಗೆ ಇಷ್ಟವಾದದ್ದು ಇದರ ಮುಂದಿನ ಭಾಗ. ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಹೀಗೆ ಪತ್ತೆಯಾದವರ ಮನೆಗೇ ಹೋಗಿ ಮಾತಾಡಿಸಿದರು. ಹಳ್ಳಿಯವರು ಅಜ್ಞಾನಿಗಳು, ಕಾಯಿಲೆ ಮುಚ್ಚಿಡುತ್ತಾರೆ ಅನ್ನೋದು ಆಗಿನ ಮಾತು. (ಈಗಲೂ ಅಷ್ಟೇ ಬಿಡಿ!) ಆದರೆ ಕಫದಲ್ಲಿ ಬ್ಯಾಕ್ಟೀರಿಯಾ ಇದ್ದವರಲ್ಲಿ ನೂರಕ್ಕೆ 95 ಜನರಿಗೆ ತಮಗೆ ಏನೋ ಆಗಿದೆ ಅಂತ ಗೊತ್ತಿತ್ತು. ಸುಮಾರು ಅರ್ಧದಷ್ಟು ಜನ ಆಗಲೇ ಆಸ್ಪತ್ರೆ, ಡಾಕ್ಟರು ಅಂತ ಅಲೆದು ಬಂದಿದ್ದರು. ಬಹಳಷ್ಟು ಮಂದಿಗೆ ಸಿಕ್ಕಿದ್ದು ಒಂದು ಬಾಟಲಿ ಕೆಮ್ಮಿನ ಔಷಧಿ. 1963ರಲ್ಲಿ ಇದು ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಅಚ್ಚಾಯಿತು.

ಇದನ್ನು ಓದಿದಾಗ ನಮ್ಮಜ್ಜಿಯ ತಮ್ಮನ ನೆನಪಾಯಿತು. ನಾನು ಅವರನ್ನು ನೋಡಿದವನಲ್ಲ. ಕೊರಟಗೆರೆ ಕಡೆಯ ಹಳ್ಳಿಯಲ್ಲಿ ಮಗ್ಗ ನೇಯುತ್ತಿದ್ದರಂತೆ, ಕೆಮ್ಮಿ ಕೆಮ್ಮಿ ಮೂವತ್ತಕ್ಕೇ ಹೋದರಂತೆ. "ಹೇಳಿದ ಮಾತು ಕೇಳಲಿಲ್ಲ, ಆಸ್ಪತ್ರೆಗೆ ಹೋಗಲಿಲ್ಲ" ಅಂತ ನೆಂಟರೆಲ್ಲ ಅವರನ್ನೇ ಬೈಯೋರು. ಅಜ್ಜಿ ಮಾತ್ರ, "ಮೂರು ಸಲ ನಡ್ಕೊಂಡು ಹೋಗಿದ್ದ ಕಣೋ, ಮೂರು ಸಲಾನೂ ಕೆಂಪು ನೀರು ಕೊಟ್ಟು ಕಳಿಸಿದ್ರು" ಅನ್ನೋಳು. ಅಜ್ಜಿಯ ಮಾತಿಗೆ ಬೆಲೆ ಕೊಟ್ಟವರು ಯಾರೂ ಇರಲಿಲ್ಲ.

ಬೆಂಗಳೂರಿನ ಸಂಸ್ಥೆ ರೂಪಿಸಿದ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮ 1962ರಲ್ಲಿ ಆರಂಭವಾಯಿತು. ಕೆಮ್ಮುತ್ತಾ ತಾನಾಗಿ ಬರುವವನ ಕಫವನ್ನು ಹತ್ತಿರದ ಸಾಮಾನ್ಯ ಆಸ್ಪತ್ರೆಯಲ್ಲೇ ನೋಡಿ ಅನ್ನೋದು ಅದರ ತಿರುಳು. ಎಷ್ಟು ಸರಳ! ಆದರೆ ಸುಮಾರು 12 ವರ್ಷಗಳ ನಂತರ ಇದೇ ಜಿಲ್ಲೆಯಲ್ಲಿ ಮತ್ತೆ ಸಮೀಕ್ಷೆ ಮಾಡಿದಾಗ ರೋಗ ಹೆಚ್ಚೇನೂ ಇಳಿದಿರಲಿಲ್ಲ. ಕಾಗದದ ಮೇಲಿನ ಜ್ಞಾನ ಹಳ್ಳಿಗೆ ವಾಪಸ್ ಬರುವುದು ಅಷ್ಟು ಸುಲಭವಲ್ಲ.

ಈಗ ಇಂಥ ಜಾಲಗಳು ಇನ್ನೂ ದೊಡ್ಡದಾಗಿವೆ. 2013ರಿಂದ ಭಾರತ-ಅಮೆರಿಕ ಸೇರಿ ನಡೆಸುವ 'ರಿಪೋರ್ಟ್ ಇಂಡಿಯಾ' ಇದೆ. 2019-21ರಲ್ಲಿ ದೇಶವ್ಯಾಪಿ ಕ್ಷಯ ಸಮೀಕ್ಷೆಯೂ ನಡೆಯಿತು. ಇತ್ತ ಪಾವಗಡದಲ್ಲಿ ಸ್ವಾಮಿ ಜಪಾನಂದರ ಶ್ರೀರಾಮಕೃಷ್ಣ ಸೇವಾಶ್ರಮ ಕುಷ್ಠ ಮತ್ತು ಕ್ಷಯ ರೋಗಿಗಳ ಸೇವೆ ಮಾಡಿಕೊಂಡು ಬಂದಿದೆ. ಎರಡೂ ಬೇಕು. ಕಫ ಕೊಟ್ಟವನಿಗೆ ಅದರ ಫಲಿತಾಂಶವೂ, ಔಷಧವೂ ತಲುಪಬೇಕು.

ನಿಮ್ಮ ಮನೆಯಲ್ಲೂ "ಮಾತು ಕೇಳದೆ ಸತ್ತ" ಅಂತ ಹೇಳಿಸಿಕೊಂಡವರು ಯಾರಾದರೂ ಇದ್ದಾರಾ? ಹಿರಿಯರನ್ನು ಒಮ್ಮೆ ಕೇಳಿ ನೋಡಿ. ಅವರು ಎಷ್ಟು ಸಲ ಆಸ್ಪತ್ರೆಗೆ ನಡೆದು ಹೋಗಿದ್ದರೋ ಏನೋ...