ಬ್ರಹ್ಮಗಿರಿಯ ಕಲ್ಲುವೃತ್ತಗಳು

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ಎಂದೊಡನೆ ನೆನಪಾಗುವುದು ರೇಷ್ಮೆ ಸೀರೆ. ಆದರೆ ಅದೇ ತಾಲ್ಲೂಕಿನ ಸಿದ್ದಾಪುರದ ಬಳಿ, ಬ್ರಹ್ಮಗಿರಿ ಬೆಟ್ಟದ ತಪ್ಪಲಿನಲ್ಲಿ, ದುಂಡಗೆ ಜೋಡಿಸಿಟ್ಟ ಬಂಡೆಗಳಿವೆ. ಅವನ್ನು ನೋಡಲೆಂದೇ ಬರುವವರು ಕಡಿಮೆ.

ಮೇಲ್ನೋಟಕ್ಕೆ ಇವು ಬರಿಯ ಕಲ್ಲುಗಳು. ನಿಜವಾಗಿ ಇವು ಎರಡು ಸಾವಿರ ವರ್ಷಗಳಿಗೂ ಹಿಂದೆ ಇಲ್ಲಿ ಬಾಳಿದ ಜನ ತಮ್ಮ ಸತ್ತವರಿಗಾಗಿ ಕಟ್ಟಿದ ಸಮಾಧಿಗಳು. ಅನೇಕ ವೃತ್ತಗಳ ನಡುವೆ, ನೆಲದೊಳಗೆ, ಗ್ರಾನೈಟ್ ಚಪ್ಪಡಿಗಳ ಕೋಣೆಯಿದೆ. ನಾಲ್ಕು ಚಪ್ಪಡಿಗಳನ್ನು ಸ್ವಸ್ತಿಕದ ತೋಳುಗಳಂತೆ, ಒಂದಕ್ಕೊಂದು ಆನಿಸಿ ನಿಲ್ಲಿಸಿದ್ದಾರೆ. ಹೊರಗಿನ ಮಣ್ಣು ಒತ್ತಿದಷ್ಟೂ ಗೋಡೆ ಬಿಗಿಯಾಗುತ್ತದೆ. ಪೂರ್ವದ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಒಳಗೆ ಆಯ್ದು ತಂದಿಟ್ಟ ಮೂಳೆಗಳು, ಕಬ್ಬಿಣದ ಸಲಕರಣೆಗಳು, ಒಳಗೆ ಕಪ್ಪು ಹೊರಗೆ ಕೆಂಪು ಬಣ್ಣದ ಮಡಕೆಗಳು.

ಮೈಸೂರಿನ ಪುರಾತತ್ವಜ್ಞ ಡಾ. ಎಂ. ಎಚ್. ಕೃಷ್ಣ ಅವರು ಇಲ್ಲಿ ಮೊದಲು ಉತ್ಖನನ ನಡೆಸಿದರು. 1947ರಲ್ಲಿ ಮಾರ್ಟಿಮರ್ ವೀಲರ್ ಪದರ ಪದರವಾಗಿ ಅಗೆಸಿದಾಗ ತಳದಲ್ಲಿ ಕಲ್ಲುಕೊಡಲಿಯ ಜನ, ಅವರ ಮೇಲೆ ಕಬ್ಬಿಣ ಬಲ್ಲ ಈ ಸಮಾಧಿಗಳ ಜನ, ಅದಕ್ಕೂ ಮೇಲೆ ಶಾತವಾಹನರ ಕಾಲದ ಕುರುಹುಗಳು ಕಂಡವು. ಕಬ್ಬಿಣದ ಜನ ಇಲ್ಲಿಗೆ ಬಂದದ್ದು ಸುಮಾರು ಕ್ರಿ.ಪೂ. 200ರಲ್ಲಿ ಎಂದು ವೀಲರ್ ಲೆಕ್ಕ ಹಾಕಿದರು. ಮುಂದೆ ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಸಿಕ್ಕ ಇದ್ದಿಲನ್ನು ಇಂಗಾಲ-14 ವಿಧಾನದಿಂದ ಪರೀಕ್ಷಿಸಿದಾಗ, ಕರ್ನಾಟಕದಲ್ಲಿ ಕಬ್ಬಿಣದ ಬಳಕೆ ಕ್ರಿ.ಪೂ. 1000ದಷ್ಟು ಹಳೆಯದೆಂದು ತಿಳಿಯಿತು. ಹಿಡಿ ಇದ್ದಿಲು ಹಿರಿಯ ವಿದ್ವಾಂಸರ ಲೆಕ್ಕವನ್ನೇ ತಿದ್ದಿತು!

ಇಲ್ಲಿಯೇ ಅಶೋಕನ ಶಾಸನವೂ ಇದೆ. 1892ರಲ್ಲಿ ಬಿ. ಎಲ್. ರೈಸ್ ಬೆಳಕಿಗೆ ತಂದ ಈ ಬರಹ ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಕಳುಹಿಸಿದ ಆಜ್ಞೆ. ತಂದೆತಾಯಿಯರ ಮಾತು ಕೇಳಬೇಕು, ಶಿಷ್ಯರು ಗುರುವನ್ನು ಗೌರವಿಸಬೇಕು, ಜೀವಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು ಎಂಬುದು ಅದರ ಸಾರ. ಕಲ್ಲುವೃತ್ತ ಕಟ್ಟಿದವರು ಒಂದಕ್ಷರವನ್ನೂ ಬರೆದಿಡಲಿಲ್ಲ. ಅಗಲಿದವರ ಮೇಲಿನ ಅವರ ಕಾಳಜಿಗೆ ಈ ಬಂಡೆಗಳೇ ಸಾಕ್ಷಿ.

ಈ ಸಾಕ್ಷಿ ಉಳಿಯುವುದು ಸುಲಭವಲ್ಲ. ಇಂಥ ನೆಲೆಗಳಲ್ಲಿ ನಿಧಿಯಾಸೆಗೆ ಗುಂಡಿ ತೋಡುವವರಿದ್ದಾರೆ. ಕಟ್ಟಡಕ್ಕೆ ಕಲ್ಲು ಒಯ್ಯುವವರೂ ಇದ್ದಾರೆ. ಅಗೆದವರ ಕೈಗೆ ಹೆಚ್ಚಾಗಿ ಸಿಗುವುದು ಒಡೆದ ಮಡಕೆ, ಮೂಳೆ. ಆದರೆ ಒಮ್ಮೆ ಪದರಗಳು ಕಲಸಿಹೋದರೆ ಯಾವುದು ಮೊದಲು, ಯಾವುದು ನಂತರ ಎಂದು ಹೇಳಲು ಯಾವ ವಿದ್ವಾಂಸರಿಗೂ ಆಗದು.

ಮಳೆಗಾಲ ಮುಗಿದ ಮೇಲೆ ಮಕ್ಕಳನ್ನು ಕರೆದೊಯ್ಯುವುದು ಒಳ್ಳೆಯದು. ಕುಡಿಯುವ ನೀರು, ತಲೆಗೆ ಟೋಪಿ, ಚಿತ್ರ ಬರೆಯಲು ನೋಟುಪುಸ್ತಕ ಜೊತೆಗಿರಲಿ. ಹೊಲದಲ್ಲಿ ಬೆಳೆ ಇದ್ದರೆ ರೈತರನ್ನು ಕೇಳಿಯೇ ಕಾಲಿಡಬೇಕು. ಮಡಕೆಯ ಚೂರು ಕಂಡರೆ ನೋಡಿ, ಚಿತ್ರ ಬರೆದುಕೊಂಡು, ಇದ್ದಲ್ಲೇ ಬಿಟ್ಟು ಬರಬೇಕು.