ಡಾಡ್ಜಿನ ನಡುಕ

ನಮ್ಮ ಮಾವನವರು ಬಿಟ್ಟುಹೋದ ಆಸ್ತಿಯಲ್ಲಿ ಯಾರೂ ಪಾಲು ಕೇಳದ ವಸ್ತುವೆಂದರೆ 1956ರ ಡಾಡ್ಜ್ ಕಿಂಗ್ಸ್‌ವೇ ಕಾರು. ನೆಲಮಂಗಲದ ನಮ್ಮ ಹಿತ್ತಲಿನ ಶೆಡ್ಡಿನಲ್ಲಿ, ಅಕ್ಕಿ ಗಿರಣಿಯ ಹಳೆಯ ತೂಕದ ಕಲ್ಲುಗಳ ಜೊತೆ ನಿಂತಿತ್ತು. ಸ್ಟಾರ್ಟ್ ಆಗುತ್ತಿತ್ತು, ಓಡುತ್ತಲೂ ಇತ್ತು. ಆದರೆ ಸ್ವಲ್ಪ ವೇಗ ಹಿಡಿದರೆ ಸಾಕು, ಚಳಿಜ್ವರ ಬಂದವರ ಹಾಗೆ ಮೈಯೆಲ್ಲಾ ನಡುಕ. ನಮ್ಮ ಮೈದುನ ತುಮಕೂರು ರಸ್ತೆಯ ರೆಸಾರ್ಟ್ ಒಂದಕ್ಕೆ ಮಾತಾಡಿಯೇ ಬಿಟ್ಟಿದ್ದ. ಎಂಜಿನ್ ತೆಗೆದು, ಹೂವಿನ ಕುಂಡ ಇಟ್ಟು, ಮದುವೆಗೆ ಬಂದವರು ಫೋಟೋ ತೆಗೆಸಿಕೊಳ್ಳಲಿಕ್ಕಂತೆ! ಎಂಬತ್ತು ದಾಟಿದ ನಮ್ಮತ್ತೆ ಒಂದೇ ಮಾತು ಹೇಳಿದರು: "ಈ ಮನೆಗೆ ನಾನು ಮದುವಣಗಿತ್ತಿಯಾಗಿ ಬಂದದ್ದು ಅದರಲ್ಲಿ. ಕೊಡೋದಾದರೆ ನಾನು ಹೋದ ಮೇಲೆ ಕೊಡಿ."

ಈ ಕಾರಿಗೂ ನಮ್ಮ ಸೀಮೆಗೂ ಒಂದು ನಂಟಿದೆ. 1930ರ ದಶಕದಲ್ಲಿ, ನಮ್ಮ ದೇಶದಲ್ಲೇ ಮೋಟಾರು ಕಾರ್ಖಾನೆ ಆಗಬೇಕೆಂದು ಪಟ್ಟು ಹಿಡಿದವರು ಸರ್ ಎಂ. ವಿಶ್ವೇಶ್ವರಯ್ಯನವರು. ಅವರೊಡನೆ ಕೈಜೋಡಿಸಿದ ವಾಲ್‌ಚಂದ್ ಹೀರಾಚಂದ್ 1940ರಲ್ಲಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆ ಹಾಕಿದರು. ಕಾರಿನದು ಮಾತ್ರ ಬೊಂಬಾಯಿಯ ಕುರ್ಲಾಕ್ಕೆ ಹೋಯಿತು. 1947ರಿಂದ ಅಲ್ಲಿ ಅಮೆರಿಕದ ಡಾಡ್ಜ್, ಪ್ಲಿಮತ್ ಕಾರುಗಳ ಜೋಡಣೆ ಶುರುವಾಯಿತು.

ಬೆಂಗಳೂರಿನ ಒಂದು ಗ್ಯಾರೇಜಿನವರು ಎಂಜಿನ್ ಕೂರುವ ರಬ್ಬರು, ಪ್ಲಗ್ಗು ಎಲ್ಲ ಬದಲಾಯಿಸಿ ದುಡ್ಡು ಎಣಿಸಿಕೊಂಡಿದ್ದರು, ನಡುಕ ನಿಂತಿರಲಿಲ್ಲ. ಕೊನೆಗೆ ನಮ್ಮೂರಿನ ಲಾರಿ ಮೇಸ್ತ್ರಿಯೊಬ್ಬರು ಬಾನೆಟ್ ಎತ್ತಿ, ಎಂಜಿನ್ನಿನ ಮೂತಿಯಲ್ಲಿ ಪುಲ್ಲಿ ತೊನೆಯುವುದನ್ನು ನೋಡಿ, "ಬ್ಯಾಲೆನ್ಸರ್ ಹೋಗಿದೆ ಅಕ್ಕಾ" ಎಂದರು.

ನನಗೆ ಅರ್ಥವಾದಷ್ಟು ಹೇಳುತ್ತೇನೆ. ಆರು ಸಿಲಿಂಡರಿನ ಎಂಜಿನ್, ಉದ್ದನೆಯ ಕ್ರ್ಯಾಂಕ್ ಶಾಫ್ಟು. ಒಂದೊಂದು ಸಿಲಿಂಡರಿನಲ್ಲಿ ಪೆಟ್ರೋಲು ಉರಿದಾಗಲೂ ಅದಕ್ಕೊಂದು ಪೆಟ್ಟು. ಒದ್ದೆ ಸೀರೆ ಹಿಂಡಿ ಬಿಟ್ಟರೆ ಹಿಂದಕ್ಕೆ ಬಿಚ್ಚಿಕೊಳ್ಳುವುದಿಲ್ಲವೇ, ಹಾಗೆ ಆ ಉಕ್ಕೂ ಕೂದಲೆಳೆಯಷ್ಟು ತಿರುಚಿ ಬಿಚ್ಚಿಕೊಳ್ಳುತ್ತದೆ. ಪೆಟ್ಟಿಗೂ ತಿರುಚಿಗೂ ತಾಳ ಕೂಡಿಬಿಟ್ಟರೆ ಶಾಫ್ಟೇ ಮುರಿಯಬಹುದು. ಅದಕ್ಕೇ ತುದಿಯಲ್ಲೊಂದು ಭಾರದ ಕಬ್ಬಿಣದ ಬಳೆ. ಬಳೆಗೂ ಗುಂಬಕ್ಕೂ ನಡುವೆ ರಬ್ಬರು. ನಡುಕವನ್ನು ಆ ರಬ್ಬರು ನುಂಗಿಕೊಳ್ಳುತ್ತದೆ. ಎರಡು ಕಬ್ಬಿಣಗಳ ನಡುವೆ ಸಿಕ್ಕ ರಬ್ಬರಿನ ಪಾಡನ್ನು ಕೂಡುಕುಟುಂಬದ ಸೊಸೆಯರಿಗೆ ನಾನು ವಿವರಿಸಬೇಕಾಗಿಲ್ಲ. ನಮ್ಮದು ಇಷ್ಟು ವರ್ಷ ತಡೆದು, ಬಿರುಕು ಬಿಟ್ಟು, ಬಳೆ ಜಾರಿ ಓರೆಯಾಗಿತ್ತು. ಟೈಮಿಂಗ್ ಗುರುತೂ ಆ ಬಳೆಯ ಮೇಲೇ ಇದ್ದುದರಿಂದ ಅದನ್ನು ನಂಬಿದವರೆಲ್ಲ ಮೋಸ ಹೋಗಿದ್ದರು.

ನನ್ನ ಚೀಟಿ ದುಡ್ಡು ಹೊರಗೆ ಬಂತು. ಮೇಸ್ತ್ರಿ ರೇಡಿಯೇಟರ್ ಇಳಿಸಿ, ಹ್ಯಾಂಡಲ್ ಸಿಕ್ಕಿಸುವ ದೊಡ್ಡ ನಟ್ಟು ಬಿಚ್ಚಿ, ಪುಲ್ಲರ್ ಹಾಕಿ ಮೆಲ್ಲಗೆ ಎಳೆದರು. ಹುಡುಗನಿಗೆ ಸುತ್ತಿಗೆ ಮುಟ್ಟಗೊಡಲಿಲ್ಲ. ಶಿವಾಜಿನಗರದ ಗುಜರಿಯಲ್ಲಿ ಇನ್ನೊಂದು ಸಿಕ್ಕಿತು, ಅದರ ರಬ್ಬರೂ ಅಷ್ಟೇ ಮುದಿ. ಪೀಣ್ಯದ ಪುಟ್ಟ ಶೆಡ್ಡೊಂದರಲ್ಲಿ ಹೊಸ ರಬ್ಬರು ಕೂರಿಸಿಕೊಟ್ಟರು. ಅಷ್ಟರಲ್ಲಿ ಮೈದುನ ಎರಡು ಸಲ ರೆಸಾರ್ಟಿನವರನ್ನು ಕರೆತಂದು ಅಳತೆ ಹಿಡಿಸಿದ್ದ.

ಟೈಮಿಂಗ್ ಗುರುತನ್ನು ಖಚಿತ ಮಾಡಿಕೊಳ್ಳಬೇಕಿತ್ತು. ಈ ಎಂಜಿನ್ನಿನ ಆರನೆಯ ಸಿಲಿಂಡರಿನ ಮೇಲೊಂದು ಪುಟ್ಟ ಬಿರಡೆ. ಬಿಚ್ಚಿ ಕಡ್ಡಿ ಇಳಿಬಿಟ್ಟರೆ ಪಿಸ್ಟನ್ ಮೇಲೆ ಬಂದದ್ದು ತಿಳಿಯುತ್ತದೆ. ಆರನೆಯದು ಮೇಲಿದ್ದಾಗ ಒಂದನೆಯದೂ ಮೇಲೇ. ನನ್ನ ಸ್ವೆಟರ್ ಹೆಣೆಯುವ ಕಡ್ಡಿಯನ್ನೇ ತಂದೆ. ಅದನ್ನು ನನ್ನ ಕೈಯಲ್ಲೇ ಹಿಡಿಸಿ ಮೇಸ್ತ್ರಿ ಹ್ಯಾಂಡಲ್ ತಿರುಗಿಸಿದರು. ಕಡ್ಡಿ ಏರಿತು, ನಿಂತಿತು. "ಹೂಂ" ಅಂದೆ.

ಮರುವಾರ ಅತ್ತೆಯನ್ನು ಕೂರಿಸಿಕೊಂಡು ಡಾಬಸ್‌ಪೇಟೆಯ ಮೇಲೆ ಶಿವಗಂಗೆ ಬೆಟ್ಟದ ಬುಡದವರೆಗೆ ಹೋದೆವು. ಮೈದುನನೇ ಓಡಿಸಿದ. ರೆಸಾರ್ಟಿನವರಿಗೆ ಏನು ಹೇಳಿದನೋ ನಾನು ಕೇಳಲಿಲ್ಲ. ಅತ್ತೆ ಮಾತ್ರ ಹಾರನ್ನಿನ ಸದ್ದು ಮೊದಲಿನ ಹಾಗಿಲ್ಲವೆಂದು ದಾರಿಯುದ್ದಕ್ಕೂ ಗೊಣಗುತ್ತಿದ್ದರು.