ಬೈಸಿಕಲ್ಲಿನ ಲಾಘವ

ವ್ಯಾಕರಣದ ಸೂತ್ರಕಾರರಂತೆಯೇ ಬೈಸಿಕಲ್ಲು ಮಾಡುವವರಿಗೂ ಲಾಘವದಲ್ಲಿ ಪ್ರೀತಿ ಬಹಳ. ಪಂದ್ಯದ ಬೈಸಿಕಲ್ಲು 6.8 ಕಿಲೋಗ್ರಾಂಗಿಂತ ಹಗುರವಾಗಿರಕೂಡದೆಂದು ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು 2000ದಲ್ಲಿ ಕಟ್ಟಳೆ ಮಾಡಬೇಕಾಯಿತು.

ನನ್ನ ಸೋದರಳಿಯನ ಕಾರ್ಬನ್ ಬೈಸಿಕಲ್ಲಿನ ತೂಕ 8 ಕಿಲೋಗ್ರಾಂ, ಅವನದು 108. ಕೈಪಿಡಿಯಲ್ಲಿ 120ರ ಮಿತಿಯನ್ನು ಕಂಡು ಅವನು ನಿಶ್ಚಿಂತನಾಗಿದ್ದನು. ಅದು ಸವಾರನೊಬ್ಬನ ತೂಕವೋ, ಬೈಸಿಕಲ್ಲೂ ಹೊರೆಯೂ ಸೇರಿದ ತೂಕವೋ ಎಂದು ಕೇಳಿದೆನು. ತಯಾರಕರಲ್ಲಿ ಎರಡು ಪದ್ಧತಿಗಳೂ ಉಂಟು. ಓದಿ ನೋಡಲಾಗಿ, ಎಲ್ಲವೂ ಸೇರಿಯೇ ಎಂದಿತ್ತು. ಉಳಿದದ್ದು 4 ಕಿಲೋಗ್ರಾಂ. ಅವನ ಬೆನ್ನಚೀಲವೇ ಅದಕ್ಕಿಂತ ಭಾರ! ಚೀಲವು ಅಂದಿನಿಂದ ಮನೆಯಲ್ಲಿ ಉಳಿಯಿತು.

ಮಿತಿ ಮೀರಿದೊಡನೆ ಚೌಕಟ್ಟು ಮುರಿಯುವುದೆಂದಲ್ಲ. ಆದರೆ ಹಳ್ಳಕ್ಕೆ ಚಕ್ರವಿಳಿದಾಗ ಬೀಳುವ ಪೆಟ್ಟು ಸವಾರನ ತೂಕದೊಡನೆ ಹೆಚ್ಚುತ್ತದೆ. ಉಕ್ಕಾದರೆ ಬಹುಮಟ್ಟಿಗೆ ಮೊದಲು ಬಾಗಿ ಎಚ್ಚರಿಸೀತು. ರಾಳದಲ್ಲಿ ಪದರಪದರವಾಗಿ ಅಂಟಿಸಿದ ಕಾರ್ಬನ್ ಎಳೆಗಳಿಗೆ ಆ ಸೌಜನ್ಯವಿಲ್ಲ. ಬಾಗದೆಯೇ ಒಮ್ಮೆಗೆ ಮುರಿಯಬಹುದು. ಕಲ್ಲಿಗೆ ಬಡಿದೋ, ತಿರುಪನ್ನು ಅತಿಯಾಗಿ ಬಿಗಿದೋ ಒಳಪದರ ಬಿರಿದಿದ್ದರೂ ಮೇಲಿನ ಬಣ್ಣವು ಹೊಳೆಯುತ್ತಲೇ ಇರುವುದುಂಟು. ಆದಕಾರಣ ಜೋರಾಗಿ ಬಿದ್ದ ಬೈಸಿಕಲ್ಲನ್ನು ಬಲ್ಲವರಿಂದ ಪರೀಕ್ಷೆ ಮಾಡಿಸುವವರೆಗೆ ಏರಕೂಡದು.